ನೊಣ ನುಂಗುವ ಗಿಡಕ್ಕೆ ಪಂಚಮಿ ಹಾಲು

ಬಸವಕಲ್ಯಾಣದ ನೊಣಗಳ ಕಾಟವನ್ನು ಶಾಶ್ವತವಾಗಿ ಮುಗಿಸುವ ಉಪಾಯ ನನಗೆ ಹೊಳೆದದ್ದು ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದೆ. ಹಸಿರು ಕೊಳವೆಯಂಥ ಗಿಡ, ತಲೆಯ ಮೇಲೊಂದು ಮುಚ್ಚಳ. ಒಂದು ನೊಣ ಬಂತು. ಅಂಚಿನ ಮೇಲೆ ಕುಳಿತು ಸಿಹಿ ನೆಕ್ಕಿತು. ಕಾಲು ಜಾರಿತು. ಒಳಗೆ ಹೋಯಿತು. ಹೊರಗೆ ಬರಲೇ ಇಲ್ಲ! ನಾನು ಗಾದಿಯಿಂದ ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದೆ. ಎದುರಿನ ಮೊಬೈಲ್ ಅಂಗಡಿಯ ಜಬ್ಬಾರ್ ಭಾಯ್ ಹೊರಗೆ ಬಂದು, "ಏನಾಯ್ತ್ರಿ ಸಾವ್ಕಾರ್, ಮ್ಯಾಚ್ ಗೆದ್ದೇವೇನು?" ಎಂದು ಕೇಳಿದರು.

ನಾನು ಬೆಲ್ಲದ ವ್ಯಾಪಾರಿ. ಮಂಠಾಳ, ಹುಲಸೂರ ಕಡೆಯ ಬೆಲ್ಲ ತರಿಸಿ ಮಾರುವುದು ನಮ್ಮಪ್ಪನ ಕಾಲದಿಂದ ನಡೆದು ಬಂದ ಕಸುಬು. ಬೆಲ್ಲವಿದ್ದಲ್ಲಿ ನೊಣ ಇರಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಂಗಡಿಗೂ ನಮ್ಮ ಮನೆಗೂ ನಾಲ್ಕು ಓಣಿ ದೂರ. ಮನೆಯಲ್ಲಿ ಬೆಲ್ಲದ ಪೆಂಟೆ, ಅಂದರೆ ದೊಡ್ಡ ಉಂಡೆ, ಇಡುವುದಿಲ್ಲ. ಹೆಂಡತಿ ಮಹಾನಂದಾ ದಿನಕ್ಕೆ ಮೂರು ಸಲ ನೆಲ ಒರೆಸುತ್ತಾಳೆ. ಆದರೂ ನೊಣ! ಇವು ವಿಳಾಸ ಹುಡುಕಿಕೊಂಡು ನಮ್ಮ ಮನೆಗೇ ಯಾಕೆ ಬರುತ್ತವೆ ಎಂಬ ಪ್ರಶ್ನೆಯನ್ನು ನಾನು ಸಂಜೆ ಅಂಗಡಿಯಿಂದ ಬಂದು, ಅಂಗಿ ಕಳಚಿ ಪಡಸಾಲೆಯ ಗೂಟಕ್ಕೆ ಹಾಕಿ, ಆರಾಮಾಗಿ ಕುಳಿತು ಎಷ್ಟೋ ವರ್ಷಗಳಿಂದ ಚಿಂತಿಸುತ್ತಿದ್ದೆ. ಉತ್ತರ ಸಿಕ್ಕಿರಲಿಲ್ಲ.

ಉತ್ತರ ಬೇಕೇ ಬೇಕು ಎನ್ನುವಂತಾದದ್ದು ಹೋದ ವರ್ಷದ ನಾಗರ ಪಂಚಮಿಗೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಎಳ್ಳು ಶೇಂಗಾದ ಉಂಡಿ ಕಟ್ಟಿಸಿಕೊಂಡು ಬಂದು, ಊಟ ಮಾಡಿ, ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಹೋಗಬೇಕು. ಮಹಾನಂದಾಳ ತವರು ಹುಮನಾಬಾದ. ಅವಳಣ್ಣ ರಾಚಪ್ಪನವರಿಗೆ ಅಲ್ಲಿ ಬಟ್ಟೆ ಅಂಗಡಿ. ಇಡೀ ದಿನ ಬಿಳಿ ಬಟ್ಟೆಗಳ ನಡುವೆ ಕೂರುವ ಆ ಮನುಷ್ಯನಿಗೆ ಕಣ್ಣಿಗೆ ಕಾಣದ ಕಲೆಯೂ ಕಾಣುತ್ತದೆ. ಅಂಥವರ ಹೋಳಿಗೆಯ ಮೇಲೆ ಮಹಾನಂದಾ ಹಾಲು ಹಾಕಿದಳು, ಆ ಹಾಲಿಗೆ ನೊಣ ಬಿತ್ತು. ಬದಲಾಯಿಸಿ ಕೊಟ್ಟಳು. ಇನ್ನೊಂದು ಬಿತ್ತು! ಭಾವನವರು ಬೈಯಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. "ಹೊಟ್ಟಿ ತುಂಬ್ಯಾದ ಬಿಡವ್ವ" ಎಂದು ಅರ್ಧ ಊಟಕ್ಕೆ ಎದ್ದು ಕೈ ತೊಳೆದರು.

ಆ ವರ್ಷ ಮಹಾನಂದಾ ತವರಿಗೆ ಹೋಗಿ ಮಾರನೆಯ ದಿನವೇ ವಾಪಸು ಬಂದಳು. ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಮುಂದಿನ ಪಂಚಮಿಗೂ ನಮ್ಮಣ್ಣ ಅರ್ಧ ಊಟಕ್ಕ ಎದ್ರ ನಾ ಹುಮನಾಬಾದಿಗಿ ಹೋಗೂದಿಲ್ರಿ. ನಮ್ಮನಿ ಅನ್ನ ಅವಗ ಸೇರಲಿಲ್ಲಂದ ಮ್ಯಾಲ ಅವನ ಮನಿ ಉಂಡಿ ನನಗ್ಯಾಕ?"

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನಲ್ಲಿ ಕೇಳಿದ್ದು ಕಡಿಮೆ. ತವರಿನ ದಾರಿ ನನ್ನ ಮನೆಯ ನೊಣದಿಂದ ಕಟ್ಟಿಹೋಗಬೇಕೇ? ಸಾಧ್ಯವಿಲ್ಲ! ಆದುದರಿಂದ, ಮುಂಬರುವ ಪಂಚಮಿಯೊಳಗಾಗಿ ಈ ಮನೆಯನ್ನು ನೊಣಮುಕ್ತ ಮಾಡಲಾಗುವುದೆಂದು ಪಡಸಾಲೆಯಲ್ಲಿ ನಿಂತು ಈ ಮೂಲಕ ಘೋಷಿಸಿದೆ. ಆಗ ಒಂದು ನೊಣ ನನ್ನ ಮೀಸೆಯ ಮೇಲೆ ಕುಳಿತಿತ್ತು.

ಹಾಗಾಗಿ ಆ ವಿಡಿಯೋ ನೋಡಿದಾಗ ನಾನು ಕುಣಿಯುವುದೊಂದು ಬಾಕಿ. ಗುಡ್ಡಗಾಡಿನ ಕಡೆಯ ಒಂದು ನರ್ಸರಿಗೆ ಫೋನ್ ಮಾಡಿದೆ. ಅಲ್ಲಿಯವನು ಹೂಜಿ ಗಿಡ ಎಂದು ಅದರ ಹೆಸರು ಹೇಳಿ, ನಿಯಮಗಳನ್ನೂ ಹೇಳಿದ. ಹೊರಗೆ ಬಿಸಿಲಲ್ಲೇ ಇಡಬೇಕು. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಬೇಕು. ಮಳೆನೀರು ಮಾತ್ರ, ಬೋರಿನ ನೀರು ವಿಷ. ಗೊಬ್ಬರ ಹಾಕಿದರೆ ಸಾಯುತ್ತದೆ. ಚಳಿಗಾಲದಲ್ಲಿ ಅದಕ್ಕೆ ಚಳಿ ಬೇಕು, ಮಲಗುತ್ತದೆ. ನಿಮ್ಮೂರಿನ ಚಳಿ ಸಾಲದಿದ್ದರೆ ಗೆಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಿ.

"ಮತ್ತೇನು ಊಟ ಹಾಕಬೇಕು?"

"ಏನೂ ಬೇಡ ಸಾರ್. ಅದು ಮಾಂಸಾಹಾರಿ. ತಾನೇ ಹಿಡಿದು ತಿನ್ನುತ್ತೆ."

ಆ ಒಂದು ಶಬ್ದ ಕೇಳಿ ನನ್ನ ಉತ್ಸಾಹಕ್ಕೆ ತಣ್ಣೀರು ಬಿತ್ತು. ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ನಮ್ಮವ್ವ ಇದ್ದಾಳೆ. ಲಿಂಗಪೂಜೆಯಾಗದೆ ತೊಟ್ಟು ನೀರು ಮುಟ್ಟುವವಳಲ್ಲ. ಮೊಟ್ಟೆಯ ಆಕಾರದ ಬಟಾಟೆ ಬಂದರೂ ಎರಡು ಸಲ ತಿರುಗಿಸಿ ನೋಡಿ ಒಳಗೆ ಬಿಡುವವಳು! ಅಂಥವಳ ಅಂಗಳದಲ್ಲಿ ಮಾಂಸ ತಿನ್ನುವ ಗಿಡವೇ? ನಾನು ಒಂದು ದಿನ ಯೋಚಿಸಿ, ಸತ್ಯವನ್ನು ಸ್ವಲ್ಪ ಕಾಲ ಮುಂದೂಡುವುದೆಂದು ತೀರ್ಮಾನಿಸಿದೆ.

ದೀಪಾವಳಿಯ ನಂತರ ಕೊರಿಯರ್‌ನಲ್ಲಿ ಪಾಚಿ ಸುತ್ತಿದ ಮೂರು ಗೆಡ್ಡೆಗಳು ಬಂದವು. ಎಲೆಯಿಲ್ಲ, ಕಾಂಡವಿಲ್ಲ. ಯಾರಿಗೂ ಕಾಣದಂತೆ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ, ಮೆಂತ್ಯದ ಸೊಪ್ಪಿನ ಅಡಿ ಇಟ್ಟೆ. ಗುಟ್ಟು ಗುಟ್ಟಾಗಿಯೇ ಇತ್ತು. ಒಂದು ಮುಂಜಾನೆ ಚಹಾ ಕುಡಿಯುತ್ತಿದ್ದಾಗ ಅವ್ವ ಕೇಳಿದಳು, "ಮಹಾನಂದಾ, ಚಾದಾಗ ಶುಂಠಿ ಹಾಕಿಲ್ಲೇನು?"

"ಹಾಕೀನ್ರಿ ಅತ್ತಿ. ಆ ಕಾಯಿಪಲ್ಲೆ ಮಾರಾಕಿ ಎಂಥಾ ಶುಂಠಿ ಕೊಟ್ಟಾಳೋ, ಎಷ್ಟ್ ಜಜ್ಜಿದ್ರೂ ಖಾರಾನೇ ಇಲ್ಲ! ನಾಳಿ ಬರ್ಲಿ, ಝಾಡಿಸ್ತೀನಿ."

ನಾನು ಕಪ್ಪು ಕೆಳಗಿಟ್ಟೆ. ಓಡಿ ಹೋಗಿ ಫ್ರಿಜ್ ತೆಗೆದೆ. ಮೂರರಲ್ಲಿ ಎರಡೇ ಉಳಿದಿದ್ದವು. ಮಾಂಸಾಹಾರಿಯೊಂದನ್ನು ಶುದ್ಧ ಸಸ್ಯಾಹಾರಿಗಳಾದ ನಾವು ಮೂವರೂ ಹಾಲು ಸಕ್ಕರೆ ಹಾಕಿ ಕುಡಿದು ಮುಗಿಸಿದ್ದೆವು! ಮಾರನೆಯ ದಿನ ಆ ಕಾಯಿಪಲ್ಲೆಯವಳು ಅನ್ಯಾಯವಾಗಿ ಬೈಸಿಕೊಳ್ಳುವಾಗ ನಾನು ಬಾಗಿಲ ಹಿಂದೆ ನಿಂತು ಮನಸ್ಸಿನಲ್ಲೇ ಅವಳ ಕ್ಷಮೆ ಕೇಳಿದೆ.

ಶಿವರಾತ್ರಿಗೆ ಎರಡೂ ಗೆಡ್ಡೆಗಳನ್ನು ಕುಂಡಕ್ಕೆ ಹಾಕಿದೆ. ನೀರಿನ ತಟ್ಟೆಗೆ ಮಹಾನಂದಾ ಕಣಕ ನಾದುವ ಪರಾತವೇ ಸರಿಹೋಯಿತು. ಕುಂಡಗಳನ್ನು ಅದರಲ್ಲಿ ನಿಲ್ಲಿಸಿ ಅಂಗಳದ ನಡುವೆ, ಒಳ್ಳೆಯ ಬಿಸಿಲಿಗೆ ಇಟ್ಟೆ. ಯುಗಾದಿಯ ಹೊತ್ತಿಗೆ ಹಸಿರು ಮೊಳಕೆ ಕಂಡಿತು. ಆಮೇಲೆ ಕೊಳವೆ ಎದ್ದಿತು, ಬಾಯಿ ಬಿಟ್ಟಿತು, ತಲೆಯ ಮೇಲೆ ಕೆಂಪು ಗೆರೆಯ ಮುಚ್ಚಳ ಬಾಗಿತು. ಅದನ್ನು ನೋಡುವ ಖುಷಿಗೆ ನಾನು ದಿನಾ ಅಂಗಡಿಗೆ ತಡವಾಗಿ ಹೋಗುತ್ತಿದ್ದೆ. ಕೊಹಿನೂರು ಹಳ್ಳಿಯಿಂದ ಬಂದ ಗಿರಾಕಿಗಳು ಕಾದು ಕಾದು ಬೇರೆ ಅಂಗಡಿಗೆ ಹೋದರು. ಹೋಗಲಿ!

"ಇದೇನೋ ಶರಣ್ಯಾ, ಹೆಡಿ ಎತ್ತಿದ್ಹಂಗ ಕಾಣ್ತದಲ್ಲ?" ಎಂದಳು ಅವ್ವ ಒಂದು ದಿನ, ಕೋಲೂರಿ ಬಗ್ಗಿ ನೋಡುತ್ತ.

ದೇವರೇ ಮಾತು ಕೊಟ್ಟಂತಾಯಿತು. "ಹೌದವ್ವ, ಇದು ನಾಗಪ್ಪನ ಗಿಡ!" ಎಂದೆ. ಅವ್ವ ಕೋಲು ಬದಿಗಿಟ್ಟು ಕೈ ಮುಗಿದಳು. ಮಾರನೆಯ ದಿನದಿಂದ ಎರಡೂ ಕುಂಡಗಳ ಮೇಲೆ ವಿಭೂತಿಯ ಮೂರು ಬೆರಳಿನ ಗೆರೆ ಕಾಣಿಸಿಕೊಂಡಿತು. ನನ್ನ ಸುಳ್ಳಿನ ಬಗ್ಗೆ ನನಗೇ ಹೆಮ್ಮೆ ಎನಿಸಿತು.

ಬಂತು ಬೇಸಿಗೆ. ಕಲ್ಯಾಣದ ಬೇಸಿಗೆಯಲ್ಲಿ ಮಳೆನೀರು ಎಲ್ಲಿಂದ ತರುವುದು? ನರ್ಸರಿಯವನನ್ನು ಕೇಳಿದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ನಡೆಯುತ್ತದೆ ಎಂದ. ನಮ್ಮ ಓಣಿಯಲ್ಲಾಗಲಿ ಪೇಟೆಯ ಆ ಸಾಲಿನಲ್ಲಾಗಲಿ ಎ.ಸಿ. ಇದ್ದದ್ದು ಜಬ್ಬಾರ್ ಭಾಯ್ ಅಂಗಡಿಗೆ ಮಾತ್ರ. ದಿನಾ ಮಧ್ಯಾಹ್ನ ತಂಬಿಗೆ ಹಿಡಿದು ಅವರ ಅಂಗಡಿಯ ಹಿಂದಿನ ಪೈಪಿನ ಕೆಳಗೆ ಕೂತೆ. ಮೂರನೆಯ ದಿನ ಪಕ್ಕದಲ್ಲೊಬ್ಬ ಬಾಟಲಿ ಹಿಡಿದು ಬಂದು ಕೂತ. ವಾರದಲ್ಲಿ ಐದಾರು ಜನ ಸಾಲು ಹಚ್ಚಿದರು.

"ಸಾವ್ಕಾರ್, ಏನ್ ಮಾಡಿಟ್ರಿ ಇದು?" ಎಂದು ಜಬ್ಬಾರ್ ಭಾಯ್ ತಲೆ ಹಿಡಿದುಕೊಂಡರು. "ಬೆಲ್ಲದ ಸಾವ್ಕಾರ್ರು ದಿನಾ ಎ.ಸಿ. ನೀರು ಕುಡದು ಶುಗರ್ ಕಮ್ಮಿ ಮಾಡ್ಕೊಂಡಾರ ಅಂತ ಪೇಟಿ ತುಂಬ ಸುದ್ದಿ ಆಗ್ಯಾದ! ಮೊಬೈಲ್ ತಗೊಳ್ಳಾಕ ಒಬ್ರೂ ಬರಾಕತ್ತಿಲ್ಲ, ನೀರಿಗೇ ಬರಾಕತ್ತಾರ!"

ನನಗೆ ಸಕ್ಕರೆ ಕಾಯಿಲೆಯೇ ಇಲ್ಲ ಎಂದು ಎಲ್ಲರಿಗೂ ಕೈಮುಗಿದು ಹೇಳಿದೆ. "ನೋಡ್ರಿ, ಪೂರಾ ಹೋಗ್ಯಾದ!" ಎಂದು ಅವರು ಇನ್ನಷ್ಟು ಬಾಟಲಿ ತಂದರು. ಅಂತೂ ಗಿಡ ಬದುಕಿತು.

ಮಳೆಗಾಲ ಶುರುವಾಗುತ್ತಲೇ ನೊಣ ಬಂದವು, ಗಿಡ ಬೇಟೆಗಿಳಿಯಿತು. ಸಂಜೆ ಟಾರ್ಚ್ ಹಾಕಿ ಕೊಳವೆಯೊಳಗೆ ನೋಡುತ್ತಿದ್ದೆ, ಒಂದೊಂದರಲ್ಲೂ ನಾಲ್ಕೈದು ನೊಣ! ಮುಂಜಾನೆ ಅಂಗಡಿಗೆ ಹೋಗುವಾಗ ನೋಡಿದರೆ ಎಲ್ಲ ಖಾಲಿ! ಎಂಥ ಜೀರ್ಣಶಕ್ತಿ! ನರ್ಸರಿಯವನು ಒಂದು ನೊಣ ಕರಗಲು ವಾರಗಟ್ಟಲೆ ಬೇಕು ಎಂದಿದ್ದ. ನಮ್ಮದು ಜವಾರಿ ಮಣ್ಣಿನ ಜೋರು ಎಂದುಕೊಂಡೆ. ಹುಮನಾಬಾದಿಗೆ ಫೋನ್ ಹಚ್ಚಿ ಭಾವನವರಿಗೆ ಹೇಳಿಯೂ ಬಿಟ್ಟೆ: "ಈ ಸಲ ಬರ್ರಿ ಭಾವನೋರ. ನಮ್ಮನಿಯಾಗ ನೊಣ ಅಂದ್ರ ಹ್ಯಾಂಗಿರ್ತದಂತ ಹುಡುಕಬೇಕು!"

"ಆಗ್ಲಿ ಶರಣಪ್ಪನೋರ, ನೋಡೂಣು" ಎಂದರು. ಆ 'ನೋಡೂಣು' ನನ್ನನ್ನು ಕೆಣಕಿತು. ಇಷ್ಟೊಂದು ಹಸಿವಿರುವ ಗಿಡಕ್ಕೆ ಊಟ ಸಾಲುತ್ತಿಲ್ಲ, ಆದ್ದರಿಂದಲೇ ಮನೆಯೊಳಗೆ ಇನ್ನೂ ನೊಣ ಉಳಿದಿವೆ ಎಂದು ಲೆಕ್ಕ ಹಾಕಿದೆ. ನೊಣವನ್ನು ಕರೆಯುವುದರಲ್ಲಿ ಬೆಲ್ಲಕ್ಕಿಂತ ದೊಡ್ಡವರು ಯಾರಿದ್ದಾರೆ? ಪಂಚಮಿಯ ಹಿಂದಿನ ಸಂಜೆ ಒಳ್ಳೆಯ ಬೆಲ್ಲದ ಪಾಕ ಮಾಡಿ ಪ್ರತಿ ಕೊಳವೆಯ ಅಂಚಿಗೂ ಬೆರಳಿನಿಂದ ಸವರಿದೆ.

ಪಂಚಮಿಯ ದಿನ ಮುಂಜಾನೆ ಒಂದು ತಾಸು ಅಂಗಡಿ ತೆರೆದಿದ್ದೆ; ಹಬ್ಬದ ದಿನ ಬೆಲ್ಲ ಬೇಕು ಎನ್ನುವವರು ಇದ್ದೇ ಇರುತ್ತಾರೆ. ಪೆಂಟೆ ಒಡೆದು ಕೊಟ್ಟು, ಬೆವರು ಒರೆಸಿಕೊಂಡು ಮನೆಗೆ ಬಂದರೆ ಅಂಗಳದಲ್ಲಿ ಹೆಂಗಸರ ಸಾಲು! ಹೊಸ ಸೀರೆ, ಕೈಯಲ್ಲಿ ಹಾಲಿನ ಗಿಂಡಿ. ನಮ್ಮ ಓಣಿಯವರಷ್ಟೇ ಅಲ್ಲ, ಆಚೆ ಓಣಿಯವರೂ ಇದ್ದರು. ಮುಂದೆ ಅವ್ವ ಕುಳಿತು ವ್ಯವಸ್ಥೆ ನೋಡಿಕೊಳ್ಳುತ್ತಿದ್ದಳು.

"ಸಾವಕಾಶ ಹಾಕ್ರೆವ್ವ, ನಾಗಪ್ಪನ ಬಾಯಾಗೇ ಬೀಳ್ಬೇಕು!"

ಹೆಂಗಸರು ಒಬ್ಬೊಬ್ಬರಾಗಿ ಬಂದು "ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು" ಎಂದು ತವರಿನವರ ಹೆಸರು ಹಿಡಿದು, ನನ್ನ ಹೂಜಿ ಗಿಡದ ಕೊಳವೆಗಳಿಗೆ ಹಾಲು ಎರೆಯುತ್ತಿದ್ದರು! ಕೊಳವೆ ತುಂಬಿ ಪರಾತಕ್ಕೆ, ಪರಾತ ತುಂಬಿ ಅಂಗಳಕ್ಕೆ ಹಾಲು ಹರಿದಿತ್ತು. ಮಳೆನೀರು ಬಿಟ್ಟು ಬೇರೇನೂ ತಾಗಬಾರದ ಗಿಡ! ಏನೆಂದು ತಡೆಯುವುದು? ನಾಗಪ್ಪನ ಗಿಡ ಎಂದವನು ನಾನೇ. ಕೊನೆಗೆ ಮಹಾನಂದಾ ಬಂದು, ಕಣ್ಣು ಮುಚ್ಚಿ, "ನಮ್ಮಣ್ಣನ ಪಾಲು" ಎಂದು ಒಂದು ಗಿಂಡಿ ಸುರಿದಳು. ಅವಳ ಮುಖದಲ್ಲಿದ್ದ ಆಸೆ ನೋಡಿ ನಾನು ಹಲ್ಲು ಕಚ್ಚಿ ಒಳಗೆ ಹೋದೆ. ಅಂಗಿ ಕಳಚಿ ಗೂಟಕ್ಕೆ ಹಾಕಿದೆ.

ಹೆಂಗಸರು ಹೋದರು. ಬೆಲ್ಲದ ಪಾಕ, ಹಾಲು, ಶ್ರಾವಣದ ಎಳೆ ಬಿಸಿಲು. ಇನ್ನೇನು ಬೇಕು? ನೊಣಗಳು ಹುಲಸೂರಿನಿಂದ ಬಸ್ಸು ಹಿಡಿದು ಬಂದಂತೆ ಬಂದವು! ಸರಿಯಾಗಿ ಅದೇ ಹೊತ್ತಿಗೆ, ಬಿಳಿ ಧೋತರ, ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಉಂಡಿಯ ಡಬ್ಬಿ ಹಿಡಿದು ಭಾವನವರು ಬಾಗಿಲಲ್ಲಿ ನಿಂತರು. ಅಂಗಳ ನೋಡಿದರು. ನನ್ನನ್ನು ನೋಡಿದರು.

"ಹುಡುಕೂದು ಬ್ಯಾಡ ಶರಣಪ್ಪನೋರ, ಕಾಣಾಕತ್ತಾವ" ಎಂದರು.

ಪಡಸಾಲೆಯಲ್ಲಿ ತಾಟು ಹಾಕಿದೆವು. ಹೋಳಿಗೆ ಬಿತ್ತು, ಮಹಾನಂದಾ ಹಾಲು ಹಾಕಿದಳು. ಭಾವನವರು ಮೊದಲ ತುತ್ತು ಮುರಿಯುವಷ್ಟರಲ್ಲಿ ಒಂದು ನೊಣ ಸೀದಾ ಹಾಲಿನಲ್ಲಿ! ಇನ್ನೊಂದು ಹೋಳಿಗೆಯ ಮೇಲೆ. ಮೂರನೆಯದು ಭಾವನವರ ವಿಭೂತಿಯ ಮೇಲೆ ಕುಳಿತು ಕಾಲು ತಿಕ್ಕತೊಡಗಿತು. ಭಾವನವರ ಕೈ ತಾಟಿನಿಂದ ಮೇಲೆದ್ದಿತು. ಮಹಾನಂದಾಳ ಕಣ್ಣು ತುಂಬಿತು. ನನಗೆ ತಾಳಲಾಗಲಿಲ್ಲ.

"ಕೂಡ್ರಿ ಭಾವನೋರ, ಏಳಬ್ಯಾಡ್ರಿ! ನಿನ್ನಿತನಕ ಹಿಂಗಿರಲಿಲ್ಲ! ನಮ್ಮ ಗಿಡ ದಿನಾ ನೊಣ ತಿಂದು ಮುಂಜಾನಿ ಅನ್ನೂದ್ರಾಗ ಖಾಲಿ ಮಾಡ್ತಿತ್ತು!"

"ಗಿಡ ಯಾಕ ಖಾಲಿ ಮಾಡ್ತದೋ?" ಎಂದಳು ಅವ್ವ. "ನಾನಲ್ಲೇನು ಖಾಲಿ ಮಾಡಾಕಿ! ಪಾಪ, ನಾಗಪ್ಪನ ಗಿಂಡ್ಯಾಗ ನೊಣ ಬಿದ್ದು ಒದ್ದಾಡ್ತಿದ್ವು. ದಿನಾ ಪೂಜಿ ಆದ ಮ್ಯಾಲ ಬಾರಿಗಿ ಕಡ್ಡೀಲಿ ಒಂದೊಂದೇ ತಗದು, ಕಾಗದದ ಮ್ಯಾಲ ಬಿಸಿಲಿಗಿ ಇಡ್ತಿದ್ದೆ. ಒಣಗಿ ಹಾರಿ ಹೋಗ್ತಿದ್ವು. ಇವತ್ತಂತೂ ಹಬ್ಬ, ಹಾಲು ಎರೆಯೂಕ್ಕಿಂತ ಮೊದಲೇ ಎಲ್ಲಾನೂ ಬಿಡಿಸೀನಿ."

"ಅವ್ವಾ!" ಎಂದು ಕಿರುಚಿದೆ. "ಅದು ಅದರ ಊಟ! ಅದು ನಾಗಪ್ಪನ ಗಿಡ ಅಲ್ಲ, ಮಾಂಸ ತಿನ್ನೂ ಗಿಡ!"

ಅವ್ವ ತನ್ನ ಮೂರು ಬೆರಳುಗಳನ್ನು ಎತ್ತಿ ನೋಡಿಕೊಂಡಳು. "ಮಾಂಸ ತಿನ್ನೂ ಗಿಡಕ್ಕ ನಾಕು ತಿಂಗಳಿಂದ ಈಬತ್ತಿ ಹಚ್ಚೀನೇನೋ ನಾ?"

"ಅದಕ್ಕ ಓಣಿ ಮಂದಿ ಎಲ್ಲಾ ಹಾಲು ಎರದೀವೇನ್ರಿ?" ಎಂದಳು ಮಹಾನಂದಾ. "ನಮ್ಮಣ್ಣನ ಪಾಲೂ ಅದಕ್ಕೇ ಹೋತೇನು?" ಅವಳಿಗೆ ಆಗ ಇನ್ನೂ ಏನೋ ನೆನಪಾಗಿ, "ಫ್ರಿಜ್ಜಿನಾಗ ಇದ್ದಿದ್ದು ಶುಂಠಿನೇ ಹೌದಲ್ರಿ?" ಎಂದು ಮೆಲ್ಲಗೆ ಕೇಳಿದಳು. ನಾನು ನೆಲ ನೋಡಿದೆ.

ಅವ್ವ ಬೈಯುತ್ತಾಳೆಂದು ಕಾದೆ. ಆದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ಭಾವನವರ ತಲೆಯ ಮೇಲಿನ ಗೋಡೆ ನೋಡುತ್ತಿದ್ದಳು. ನಿಧಾನವಾಗಿ ಎದ್ದು ಬಂದು ಕೋಲು ಎತ್ತಿ ಗೂಟದಲ್ಲಿದ್ದ ನನ್ನ ಅಂಗಿಯನ್ನು ತಿವಿದಳು. ಅಂಗಿಯಿಂದ ನೊಣಗಳ ಹಿಂಡೊಂದು ಭುಸ್ಸೆಂದು ಎದ್ದಿತು! ತೋಳಿನ ತುಂಬ, ಜೇಬಿನ ತುಂಬ ಬೆಲ್ಲ ಒಡೆದ ಪುಡಿ, ಬೆವರಿಗೆ ಕರಗಿ ಅಂಟಾಗಿತ್ತು.

"ಅಂಗಳದಾಗಿನ ನೊಣ ಅಂಗಳದಾಗೇ ಹಾಲು ಕುಡ್ಯಾಕತ್ತಾವ" ಎಂದಳು ಅವ್ವ. "ಇಲ್ಲಿ ಬರೂವು ಇದರ ಮ್ಯಾಗಿಂದ. ನೀ ಅಂಗಡಿಗಿ ಹೋದ್ರ ಹಗಲೆಲ್ಲಾ ಮನಿಯಾಗ ಒಂದು ನೊಣ ಇರಂಗಿಲ್ಲ. ನೀ ಬಂದ್ರ ನಿನ್ನ ಹಿಂದೇ ಬರ್ತಾವ. ಹೋದ ಪಂಚಮಿಗೂ ಇದೇ ಗೂಟಕ್ಕ ಹಾಕಿದ್ದಿ."

ಕೋಲಿನ ತುದಿಗೆ ಅಂಗಿ ಸಿಕ್ಕಿಸಿಕೊಂಡು ಅವ್ವ ಹಿತ್ತಲಿಗೆ ನಡೆದಳು. ನೊಣಗಳು ಮೆರವಣಿಗೆಯಲ್ಲಿ ಅವಳ ಹಿಂದೆ ಹೋದವು. ಅಂಗಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ ಸದ್ದು ಕೇಳಿತು. ಪಡಸಾಲೆಯಲ್ಲಿ ಉಳಿದ ನಾಲ್ಕಾರನ್ನು ಮಹಾನಂದಾ ಬೀಸಣಿಕೆಯಿಂದ ಓಡಿಸಿದಳು. ತಾಟು ಬದಲಾಯಿಸಿದಳು. ಹೊಸ ಹೋಳಿಗೆ, ಹೊಸ ಹಾಲು. ಹಾಲು ಬೆಳ್ಳಗೇ ಉಳಿಯಿತು!

ಭಾವನವರು ಆ ಹಾಲನ್ನು ನೋಡಿದರು, ಖಾಲಿ ಗೂಟ ನೋಡಿದರು, ನನ್ನನ್ನು ನೋಡಿದರು. ಇದ್ದಕ್ಕಿದ್ದಂತೆ ನಗತೊಡಗಿದರು. ಬಿಳಿ ಧೋತರದ ಆ ಗಂಭೀರ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ. "ಹಾಕವ್ವ ಇನ್ನೊಂದು ಹೋಳಿಗಿ" ಎಂದರು ತಂಗಿಗೆ. ಒಂದಲ್ಲ, ಐದು ಉಂಡರು. ತಾಟು ಬಳಿದು ಎದ್ದರು. ಮಹಾನಂದಾ ಒಳಗೆ ಹೋಗಿ ಕಣ್ಣೊರೆಸಿಕೊಂಡು, ಹೊಸ ಸೀರೆಯ ನಿರಿಗೆ ಸರಿ ಮಾಡಿಕೊಂಡು, ಚೀಲ ಹಿಡಿದೇ ಹೊರಗೆ ಬಂದಳು. ಮಧ್ಯಾಹ್ನದ ಬಸ್ಸಿಗೆ ಅಣ್ಣ ತಂಗಿ ಹುಮನಾಬಾದಿಗೆ ಹೊರಟರು. ನನಗೆ ಅಳುವಷ್ಟು ಸಂತೋಷವಾಯಿತು. ಅಳುವುದಕ್ಕೆ ಬೇರೆ ಕಾರಣಗಳೂ ಇದ್ದವು.

ಗಿಡದ ಕೊಳವೆಗಳು ಹುಳಿ ಹಾಲಿಗೆ ಕೊಳೆತು ಕಪ್ಪಾದವು. ಕತ್ತರಿಸಿ ಹಾಕಿ, ಮಳೆನೀರಲ್ಲಿ ಬೇರು ತೊಳೆದು ಮತ್ತೆ ನೆಟ್ಟೆ. ಹದಿನೈದು ದಿನಕ್ಕೆ ಹೊಸ ಮೊಳಕೆ ಬಂತು. ಅವ್ವ ಅದನ್ನು ಕಿತ್ತು ಎಸೆಯುತ್ತಾಳೆ ಎಂದು ಹೆದರಿದ್ದೆ.

"ಇರ್ಲಿ ಬಿಡು" ಎಂದಳು. "ಅದು ಹುಟ್ಟಿದ್ದು ಹಂಗ, ತಿಂತದ. ಸುಳ್ಳ ಹೇಳಿದ್ದು ಅದಲ್ಲ, ನೀ. ಈಬತ್ತಿ ಮಾತ್ರ ಹಚ್ಚೂದಿಲ್ಲ." ಆಮೇಲೆ ಮನೆಯ ಹೊಸ ಕಾನೂನನ್ನೂ ಹೊರಡಿಸಿದಳು. ನಾನು ಅಂಗಡಿಯಿಂದ ಬಂದರೆ ಸ್ನಾನದ ನೀರು ಕಾಯುವವರೆಗೆ ಹೊಸ್ತಿಲು ದಾಟುವಂತಿಲ್ಲ. ಅಂಗಳದಲ್ಲಿ, ಎರಡು ಕುಂಡಗಳ ನಡುವೆ ಕುಳಿತಿರಬೇಕು.

ಈಗ ಅಲ್ಲೇ ಕುಳಿತಿದ್ದೇನೆ. ಆಗಲೇ ಹುಮನಾಬಾದಿನಿಂದ ಮಹಾನಂದಾ ಫೋನ್ ಮಾಡಿದ್ದಳು. ಗಣಪತಿ ಹಬ್ಬ ಮುಗಿಯುವವರೆಗೂ ಅಲ್ಲೇ ಇರುತ್ತಾಳಂತೆ, ಅಣ್ಣನ ಮನೆಯಲ್ಲಿ ಒಂದೇ ಒಂದು ನೊಣ ಇಲ್ಲವಂತೆ. ನನ್ನ ಎಡಕ್ಕೊಂದು ಕುಂಡ, ಬಲಕ್ಕೊಂದು ಕುಂಡ. ಎರಡರಲ್ಲೂ ಹೊಸ ಕೊಳವೆಗಳು ಬಾಯಿ ತೆರೆದು, ಅಂಚಿಗೆ ಸಿಹಿ ಹಚ್ಚಿಕೊಂಡು ಕಾಯುತ್ತಿವೆ. ಮೂರು ನೊಣ ಬಂದವು. ಎಡಗಡೆಯ ಗಿಡವನ್ನು ಒಂದು ಸುತ್ತು ಹಾಕಿದವು, ಬಲಗಡೆಯದನ್ನೂ ನೋಡಿದವು, ಬಂದು ಮೂರೂ ನನ್ನ ಹೊಟ್ಟೆಯ ಮೇಲೆ ಕುಳಿತವು.